ನಾಲ್ಕು ಪುಟಗಳ ತೊಂದರೆ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಫೈಲು ಹಿಡಿದ ಹಿರಿಯರೊಬ್ಬರು, ಅವರ ಕಚೇರಿಯ ಹೆಂಗಸೊಬ್ಬರು ಕೂತಿದ್ದರು. ಕಿವಿ ಕೊಡಬಾರದಿತ್ತು, ಕೊಟ್ಟೆ.

ಹೆಂಗಸು ಕೇಳಿದರು: "ತರಕಾರಿ ಕಸದಿಂದ ಗ್ಯಾಸ್ ಮಾಡೋ ಮಾದರಿ ಘಟಕ ಅಂತ ನಾವೇ ಆರಿಸಿ ಅನುದಾನ ಕೊಡ್ಸಿದ್ದು. ಒಂದೇ ವರ್ಷಕ್ಕೆ ನಿಂತುಹೋಯ್ತಲ್ಲ, ಸರ್?"

"ಘಟಕದವನು ಕಸ ಹಾಕ್ತಾನೇ ಇದಾನಂತೆ. ಒಲೆ ಮಾತ್ರ ಹತ್ತಲ್ಲ."

"ಅರ್ಜಿಯಲ್ಲಿ 'ಎದುರಾದ ತೊಂದರೆಗಳು' ಅನ್ನೋ ಕಡೆ 'ಯಾವುದೂ ಇಲ್ಲ' ಅಂತ ಬರೆದಿದ್ದ."

"ಅದಕ್ಕೇ ಅಲ್ವೇನಮ್ಮ, ಪೂರ್ತಿ ಅಂಕ ಕೊಟ್ಟಿದ್ದು."

"ಅದೇ ಅನುದಾನ ಕೇಳಿದ್ದ ಕ್ಯಾಂಟೀನ್ ಅಕ್ಕ ಆ ಕಡೆ ನಾಲ್ಕು ಪುಟ ಬರೆದಿದ್ರು. ನಿಂಬೆ ಸಿಪ್ಪೆ ಜಾಸ್ತಿಯಾಗಿ ಗ್ಯಾಸ್ ನಿಂತಿದ್ದು, ಹತ್ತು ದಿನ ಕಸ ಹಾಕದೆ ಸಗಣಿ ನೀರು ಕೊಟ್ಟು ಸರಿ ಮಾಡಿದ್ದು, ಎಲ್ಲಾ."

"ಇಷ್ಟೊಂದು ತೊಂದರೆ ಇರೋರಿಗೆ ಯಾಕೆ ಕೊಡ್ಬೇಕು ಅಂತ ಮೊದಲು ಬಾಯಿ ಬಿಟ್ಟಿದ್ದು ನಾನೇ."

"ನಾನೂ ಹ್ಞೂಂ ಅಂದಿದ್ದೆ."

ಹೆಂಗಸು ಫೈಲಿನ ಕಡೆ ನೋಡಿದರು.

"ಈಗ ಅವನಿಗೆ ರಿಪೇರಿ ಹೇಗೆ ಹೇಳಿಕೊಡ್ತೀರಿ, ಸರ್?"

ಹಿರಿಯರು ಫೈಲು ತೆರೆದರು. "ಅದೇ ನಾಲ್ಕು ಪುಟ. ಜೆರಾಕ್ಸ್ ಮಾಡಿಸಿದೀನಿ."

"ಮೇಲೆ ಅವರ ಹೆಸರಿತ್ತಲ್ಲ?"

"ಜೆರಾಕ್ಸ್ ಮಾಡಿಸುವಾಗ ಅದರ ಮೇಲೆ ಬಿಳಿ ಚೀಟಿ ಅಡ್ಡ ಇಟ್ಟೆ."

ಹೆಂಗಸಿನ ದನಿ ಇಳಿಯಿತು. "ಬೆಳಿಗ್ಗೆ ನಾನೂ ಆ ಪುಟಗಳನ್ನೇ ತೆಗೆದು ನೋಡ್ದೆ. ಒಂದು ಸಾಲು ಓದೋಕಾಗದೆ ಅವರಿಗೇ ಫೋನ್ ಮಾಡಿದ್ದೆ. ಸಮಾಧಾನವಾಗಿ ಬಿಡಿಸಿ ಹೇಳಿದ್ರು. ಆಮೇಲೆ, 'ನನ್ನ ಅರ್ಜಿ ಮತ್ತೆ ತೆಗೆದಿದೀರಾ, ಮೇಡಂ?' ಅಂತ ಕೇಳಿದ್ರು."

ಬಸ್ಸು ಬಂತು. ಹಿರಿಯರು ಫೈಲನ್ನು ಎದೆಗವಚಿಕೊಂಡು ಎದ್ದರು. ಅದಕ್ಕೆ ನೀನೇನಂದೆ ಎಂದು ಅವರು ಆ ಹೆಂಗಸನ್ನು ಕೇಳಲಿಲ್ಲ.