ಜಾವಳಿಗೆ ಕೊಟ್ಟ ತಂಗಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಕಾಫಿ ಕೊಯ್ಲಿನ ಹೊತ್ತಲ್ಲೂ ಬಿಡುವು ಮಾಡಿಕೊಂಡು ಬಂದ ಕಳಸದ ಸಭಿಕರೇ,

ಸಾವಿರ ಮನೆಗಳ ಹೃದಯ ತಪಾಸಣೆ ಮುಗಿಸಿದ ಡಾಕ್ಟರ್ ಸುಪ್ರಿಯಾಗೆ ಇಂದು ಸನ್ಮಾನ. ಅವಳು ನನ್ನ ಸೊಸೆ. ಮಾವನಾದ ಈ ಶಾಂತವೀರಪ್ಪನೇ ಮಾತಾಡಬೇಕೆಂದು ಸಂಘದವರು ಹಟ ಹಿಡಿದರು. ಐದೇ ನಿಮಿಷ ಎಂದಿದ್ದಾರೆ. ಮೈಕು ಸಿಕ್ಕ ಮೇಲೆ ಯಾರು ಕೇಳುತ್ತಾರೆ?

ನಿಜ ಹೇಳಿಬಿಡುತ್ತೇನೆ. ಈ ಸಂಬಂಧಕ್ಕೆ ಅಡ್ಡ ನಿಂತವನೇ ನಾನು. ಮಗ ವೀರೇಂದ್ರ ಇವಳನ್ನೇ ಮದುವೆಯಾಗುತ್ತೇನೆಂದಾಗ ಅವಳ ಊರು ಮೂಡಿಗೆರೆಯಲ್ಲೆಲ್ಲ ವಿಚಾರಿಸಿದೆ. ಅವಳ ತಂದೆಗೆ ಹೃದಯದ ಕಾಯಿಲೆ, ದೊಡ್ಡಪ್ಪನಿಗೆ ಸ್ಟೆಂಟ್, ಸೋದರತ್ತೆಗೆ ಕೊಲೆಸ್ಟ್ರಾಲ್. "ಅದು ಅವ್ರ ಮನೆತನದಲ್ಲೇ ಇದೆ ಮಾರಾಯ, ನಮ್ಮಲ್ಲಿ ಯಾರಿಗೂ ಇಲ್ಲ" ಎಂದು ಮಗನೆದುರು ಎದೆ ತಟ್ಟಿಕೊಂಡೆ. ನೋಡಿಸಿದರೆ ತಾನೇ ಸ್ವಾಮಿ, ಇದೆಯೋ ಇಲ್ಲವೋ ತಿಳಿಯುವುದು? ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ರಕ್ತ ಪರೀಕ್ಷೆ. ನಮ್ಮ ಮನೆಯಲ್ಲಿ ಎದೆನೋವಿಗೆ ಜೀರಿಗೆ ಕಷಾಯ.

ಮಗ ಗೆದ್ದ, ಸೊಸೆ ಬಂದಳು. ಕಳೆದ ವರ್ಷ ತಪಾಸಣೆಯ ಮೊದಲ ಫಾರಂ ತುಂಬಿದ್ದು ನಮ್ಮ ಮನೆಯಲ್ಲೇ. ಒಡಹುಟ್ಟಿದವರಲ್ಲಿ ಹೃದಯದ ಕಾಯಿಲೆ ಇದೆಯೇ ಎಂಬ ಕಡೆ ದೊಡ್ಡದಾಗಿ "ಇಲ್ಲ" ಎಂದು ಬರೆದೆ.

"ಮಾವ, ಜಾವಳಿ ರುದ್ರಾಣಿ ಅತ್ತೆ ಹೆಂಗೆ ತೀರ್ಕೊಂಡ್ರು?" ಎಂದಳು.

"ಗ್ಯಾಸ್ ಆಗಿ ಹೋದ್ಳಮ್ಮ."

"ನಲ್ವತ್ತೆರಡಕ್ಕೇ? ಅವ್ರನ್ನ ಯಾಕೆ ಬರ್ದಿಲ್ಲ ನೀವು?"

"ಅವ್ಳು ಜಾವಳಿ ಮನೆಯವ್ಳಲ್ವಾ?"

"ಕೊಟ್ಟಿದ್ದು ಜಾವಳಿಗೆ. ರಕ್ತ ಯಾರ ಮನೆದು ಮಾವ?"

ಸಭಿಕರೇ, ರುದ್ರಾಣಿ ನನ್ನ ಬೆನ್ನಿಗೆ ಬಿದ್ದ ತಂಗಿ. ನಮ್ಮ ಕಾಫಿ ಕಣದಲ್ಲಿ ನನ್ನ ಜೊತೆ ಓಡಾಡಿ ಬೆಳೆದವಳು. ಜಾವಳಿಯ ಕಣದಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಗ್ಯಾಸ್ ಎಂದು ನಾವೇ ತೀರ್ಮಾನಿಸಿದೆವು. ಹದಿನಾರು ವರ್ಷ ಅದನ್ನೇ ಹೇಳಿಕೊಂಡು ಬಂದೆವು.

"ಇಲ್ಲ" ಎಂಬುದನ್ನು ಹೊಡೆದು ತಂಗಿಯ ಹೆಸರು ಬರೆದೆ. ಮರುದಿನವೇ ಸುಪ್ರಿಯಾ ಜಾವಳಿಗೆ ಹೋಗಿ ರುದ್ರಾಣಿಯ ಮಗಳು ರಶ್ಮಿಗೆ ಪರೀಕ್ಷೆ ಮಾಡಿಸಿದಳು. ಕೊಲೆಸ್ಟ್ರಾಲ್ ವಿಪರೀತ, ಅದೂ ವಂಶದಲ್ಲೇ ಬಂದದ್ದು. ನನ್ನದೂ ಅದೇ ಕಥೆ. "ಇನ್ನೂ ಎರಡು ವರ್ಷ ಬಿಟ್ಟಿದ್ರೆ..." ಎಂದಳು ಸುಪ್ರಿಯಾ. ರಶ್ಮಿ ಈಗ ಔಷಧಿ ತೆಗೆದುಕೊಂಡು ಚೆನ್ನಾಗಿದ್ದಾಳೆ. ಅಗೋ, ಮೂರನೇ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

ಅಳಬೇಡ ಮಗಳೇ. ಇಲ್ಲ ಎಂಬ ನನ್ನ ಒಂದು ಮಾತಿನಿಂದ ನಿನ್ನನ್ನೂ ಕಳೆದುಕೊಳ್ಳುತ್ತಿದ್ದೆ. ಆವತ್ತು ಬೀಗರ ಮನೆಯ ಬಗ್ಗೆ ಊರೆಲ್ಲ ವಿಚಾರಿಸಿದವನು ಇವತ್ತು ತುಂಬಿದ ಸಭೆಯಲ್ಲಿ ಹೇಳುತ್ತಿದ್ದೇನೆ, ಹೃದಯದ ಕಾಯಿಲೆ ನಮ್ಮ ಮನೆಯಲ್ಲಿದೆ. ನನ್ನ ತಂಗಿ ರುದ್ರಾಣಿಗೆ ಇತ್ತು. ಅವಳು ನಮ್ಮ ಮನೆಯವಳು.

ಆ ಪ್ರಶ್ನೆ ಕೇಳಿದ ನನ್ನ ಸೊಸೆಗೂ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ ಕೈಮುಗಿಯುತ್ತೇನೆ. ನಮಸ್ಕಾರ.