ಚುಕ್ಕಾಣಿ ಹಿಡಿದ ಸಟ್ಟುಗ

ಈ ಸಂಘದ ಅಧ್ಯಕ್ಷರೂ, ನಮ್ಮ ಹೋಟೆಲಿನ ಮಾಲೀಕರೂ, ಮನೆಯೊಳಗೆ ನನಗೆ ಅಪ್ಪಯ್ಯನೂ ಆಗಿರುವ ಶ್ರೀ ಕೃಷ್ಣರಾಜರೇ, ಮುಂದಿನ ಸಾಲಿನ ಹಿರಿಯರೇ, ಊಟದ ಬಾಗಿಲಿಗೆ ಹತ್ತಿರದ ಕುರ್ಚಿಗಳನ್ನು ಆರಿಸಿಕೊಂಡಿರುವ ದೂರದೃಷ್ಟಿಯ ಸಭಿಕರೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ‘ಮಹಾಸಾಗರ ವಿಜೇತ ಶ್ರೀಶ’ ಎಂದು ಅಚ್ಚು ಹಾಕಿಸಿದ್ದೀರಿ. ನಾನು ದಾಟಿದ್ದು ಬಂಗಾಳ ಕೊಲ್ಲಿ. ಚೆನ್ನೈಯಿಂದ ಪೋರ್ಟ್ ಬ್ಲೇರಿಗೆ, ಹಾಯಿದೋಣಿಯಲ್ಲಿ, ಹನ್ನೊಂದು ದಿನ. ಮೊದಲ ಮೂರು ದಿನ ನಾನು ಒಂದು ಬಕೆಟ್ಟನ್ನು ತಬ್ಬಿಕೊಂಡೇ ಇದ್ದೆ. ಇದು ವಿಜಯವೇ? ವಿಜಯವಾದರೆ ಯಾರದು? ಬಕೆಟ್ಟಿನದು.

ಈಗತಾನೇ ನನ್ನ ಪರಿಚಯ ಮಾಡಿಕೊಟ್ಟವರು, ‘ಶ್ರೀಶ ಮುಂದೆ ತಂದೆಯವರ ಹೋಟೆಲಿನ ಚುಕ್ಕಾಣಿಯನ್ನೂ ಹಿಡಿಯಲಿ’ ಎಂದು ಹಾರೈಸಿದರು. ನೀವು ಚಪ್ಪಾಳೆ ತಟ್ಟಿದಿರಿ. ಟಿ. ನಗರದ ಈ ಸಭಾಂಗಣದಲ್ಲಿ ವರ್ಷಕ್ಕೆ ನಲವತ್ತು ಜನ ಏನಾದರೊಂದರ ಚುಕ್ಕಾಣಿ ಹಿಡಿಯುತ್ತಾರೆ. ಆದರೆ ಸಭಿಕರೇ, ಚುಕ್ಕಾಣಿಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ನಾನು ಕಂಡಿದ್ದೇನೆ. ಅದು ನನ್ನ ಕೈಯಲ್ಲೇ ಮುರಿಯಿತು.

ಆರನೆಯ ದಿನ ಮಧ್ಯಾಹ್ನ ಒಂದು ಅಲೆ ಬಂತು, ಚುಕ್ಕಾಣಿಯ ಮರದ ಹಿಡಿಕೆ ಎರಡು ಸೀಳಾಯಿತು. ಬದಲಿ ಹಿಡಿಕೆ ಇರಲಿಲ್ಲವೇ? ಇತ್ತು. ಚೆನ್ನೈ ಬಳಿಯ ಎಣ್ಣೂರಿನ ಗೋದಾಮಿನಲ್ಲಿ ಬಹಳ ಭದ್ರವಾಗಿತ್ತು. ದೋಣಿಯ ನಾಯಕ ಮೋಹನ್ ಸೀಳಿಗೆ ಟೇಪು ಸುತ್ತಿದರು, ಕಿತ್ತುಬಂತು. ನೈಲಾನ್ ಹಗ್ಗ ಬಿಗಿದರು, ಜಾರಿತು. ದೋಣಿ ಗಾಳಿಗೆ ಅಡ್ಡ ತಿರುಗಿತು. ನಾವು ನಾಲ್ವರೂ ನಮ್ಮ ನಮ್ಮ ಮನೆದೇವರನ್ನು ನೆನೆಯತೊಡಗಿದೆವು. ಆಗ ನಾನು ನನ್ನ ಉದ್ದನೆಯ ಚೀಲದಿಂದ ಒಂದು ವಸ್ತುವನ್ನು ಹೊರತೆಗೆದೆ.

ಮೋಹನ್ ಕಣ್ಣರಳಿಸಿ, ಹಡಗಿಗೆ ಕಪ್ಪಲ್ ಎನ್ನುವ ತಮ್ಮ ತಮಿಳು ಬೆರೆತ ಕನ್ನಡದಲ್ಲಿ, “ಡೇಯ್, ಕಪ್ಪಲ್ ಓಡಿಸಕ್ಕೆ ಬಂದ್ಯಾ, ಕಲ್ಯಾಣದ ಅಡುಗೆಗೆ ಬಂದ್ಯಾ?” ಎಂದರು.

ಅದು ಕಬ್ಬಿಣದ ಸಟ್ಟುಗ. ಎದೆಯೆತ್ತರದ್ದು. ನಮ್ಮಜ್ಜಯ್ಯ ಕುಂದಾಪುರದಿಂದ ಈ ಚೆನ್ನೈಗೆ ಬರುವಾಗ ತಂದದ್ದು, ನಾನು ಒಯ್ಯುವವರೆಗೂ ಹೋಟೆಲಿನ ಸಾಂಬಾರು ತಿರುಗುತ್ತಿದ್ದದ್ದು ಅದರಲ್ಲೇ. ನಾನು ಅದನ್ನು ಒಯ್ದದ್ದೇಕೆ? ನಡುಗಡಲಲ್ಲಿ ನಿಂತು, ಸಮುದ್ರವನ್ನು ಸಾಂಬಾರಿನಂತೆ ತಿರುಗಿಸುವ ಒಂದು ಫೋಟೊ ತೆಗೆಸಿಕೊಳ್ಳಬೇಕೆಂಬ ಘನ ಉದ್ದೇಶದಿಂದ. ಯಾರನ್ನು ಕೇಳಿ ಒಯ್ದೆ? ಯಾರನ್ನೂ ಕೇಳದೆ.

ಅಪ್ಪಯ್ಯ, ಅಲ್ಲ, ಮಾನ್ಯ ಅಧ್ಯಕ್ಷರು ನನ್ನನ್ನು ಹೀಗೆ ನೋಡಬಾರದು. ನನ್ನ ಸಮಯ ಇನ್ನೂ ಮುಗಿದಿಲ್ಲ.

ಸಟ್ಟುಗವನ್ನು ಮುರಿದ ಹಿಡಿಕೆಗೆ ಆನಿಸಿದೆವು. ಕಟ್ಟುವುದು ಹೇಗೆ? ನಮ್ಮ ಅಡುಗೆಯ ಸತ್ಯನಾರಾಯಣ, ನಾನು ಎತ್ತಿ ಆಡಿಸಿಕೊಂಡು ಬೆಳೆದ ಸತ್ಯಣ್ಣ (ಕ್ಷಮಿಸಿ, ಎತ್ತಿ ಆಡಿಸಿದ್ದು ಅವರು), ಸೌಟಿನ ಹಿಡಿ ಸಡಿಲವಾದಾಗಲೆಲ್ಲ ಹೇಳುತ್ತಿದ್ದ ಮಾತು ನೆನಪಾಯಿತು: “ಹ್ವಾಯ್, ಹಗ್ಗ ಎಂತಕ್ಕೆ? ಇಡ್ಲಿ ಬಟ್ಟಿ ಹರ್ದ್ ಸುತ್ತ್. ಮೇಲಿಂದ ನೀರ್ ಹೊಯ್ಯಿ. ಅದೇ ಕಚ್ಕಂತ್.” ಸಟ್ಟುಗಕ್ಕೆ ಸುತ್ತಿ ತಂದಿದ್ದ ಇಡ್ಲಿ ಬಟ್ಟೆ ನನ್ನಲ್ಲಿತ್ತು. ನೀರಿಗೆ, ಸಭಿಕರೇ, ಕೊರತೆ ಇರಲಿಲ್ಲ. ಹತ್ತಿಯ ಬಟ್ಟೆ ನೆನೆದು ಬಿಗಿಯಿತು, ಉಡದಂತೆ ಕಚ್ಚಿತು. ಐದು ದಿನ ನಾವು ಸಟ್ಟುಗ ಹಿಡಿದುಕೊಂಡು ಬಂಗಾಳ ಕೊಲ್ಲಿಯನ್ನು ದಾಟಿದೆವು.

ನಾನು ಕಡಲಲ್ಲಿದ್ದ ಆ ಹನ್ನೊಂದು ದಿನ ಇಲ್ಲಿ, ನಮ್ಮ ಹೋಟೆಲಿನಲ್ಲಿ ಏನು ನಡೆಯುತ್ತಿತ್ತು?

“ಅಡುಗೆಮನೆ ಬೀಗ ನಿಮ್ಮತ್ರ ಅಲ್ದಾ ಇಪ್ಪುದು, ಸತ್ಯಣ್ಣ?” ಎಂದು, ಸಟ್ಟುಗ ಕಾಣದ ದಿನ, ಅಧ್ಯಕ್ಷರು ಕೇಳಿದರಂತೆ. ಇಷ್ಟೇ. ಅಜ್ಜಯ್ಯನ ಸಟ್ಟುಗ ಒಯ್ದು ಸ್ವಂತ ಹೋಟೆಲು ಇಡುವ ಯೋಚನೆ ಸತ್ಯಣ್ಣನಿಗಿರಬೇಕೆಂದು ಯಾರೋ ಒಗ್ಗರಣೆ ಹಾಕಿದರಂತೆ. ಮೂವತ್ತೊಂದು ವರ್ಷ ಒಲೆಯ ಮುಂದೆ ನಿಂತವರು ಬೀಗದಕೈ ಗಲ್ಲಾಪೆಟ್ಟಿಗೆಯ ಮೇಲಿಟ್ಟು, “ಹಂಗಾರ್ ನಾ ಹೋತೆ” ಎಂದು ಹೊರಟೇಹೋದರು. ಅಂದಿನಿಂದ ನಮ್ಮಲ್ಲಿ ಸಾಂಬಾರನ್ನು ಎರಡನೆಯ ಸಲ ಕೇಳಿದವರಿಲ್ಲ.

ನಾನು ಬಂದು ಹದಿನೈದು ದಿನವಾಯಿತು. ಸಟ್ಟುಗ ಒಯ್ದದ್ದು ನಾನೆಂದು ಯಾಕೆ ಹೇಳಲಿಲ್ಲ? ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು. ಹಾರಕ್ಕೆ ಹೇಳಿಯಾಗಿತ್ತು. ಅಪ್ಪಯ್ಯ ಬಂದವರಿಗೆಲ್ಲ ನನ್ನ ಫೋಟೊ ತೋರಿಸುತ್ತಿದ್ದರು, ಅದೂ ನನಗೆ ಗೊತ್ತಾಗದ ಹಾಗೆ. ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಇನ್ನೊಂದು ದಿನ ತೋರಿಸಿಕೊಳ್ಳಲಿ ಎಂದುಕೊಂಡೆ. ಮತ್ತೊಂದು ದಿನ ಎಂದುಕೊಂಡೆ.

ಇದನ್ನು ಬರೆದುಕೊಂಡು ಬಂದಿರಲಿಲ್ಲ. ಇರಲಿ.

ಈ ಮೇಜಿನ ಕೆಳಗೆ ಪತ್ರಿಕೆಯಲ್ಲಿ ಸುತ್ತಿಟ್ಟದ್ದು ಆ ಸಟ್ಟುಗವೇ. ನಡುವೆ ಸ್ವಲ್ಪ ಬಾಗಿದೆ. ಇನ್ನು, ಅರ್ಧ ಗಂಟೆಯಿಂದ ನಿಮ್ಮೆಲ್ಲರ ಮೂಗನ್ನೂ ಮನಸ್ಸನ್ನೂ ಸೆಳೆಯುತ್ತಿರುವ ಆ ಪರಿಮಳ ಯಾರದೆಂದು ಗೊತ್ತೇ? ಇಂದಿನ ಊಟದ ಗುತ್ತಿಗೆದಾರರ ಬಳಿ ಸತ್ಯಣ್ಣ ಈಗ ದಿನಗೂಲಿಗೆ ಇದ್ದಾರೆ. ನಮ್ಮ ಹೋಟೆಲಿನ ಚುಕ್ಕಾಣಿ ಈ ಗೋಡೆಯ ಆಚೆ, ಬೇರೆಯವರ ಪಾತ್ರೆಯಲ್ಲಿ ತಿರುಗುತ್ತಿದೆ. ಅದನ್ನು ನಾನು ಹಿಡಿಯಬೇಕೇ? ನಾನು ಹಿಡಿದರೆ ಏನಾಗುತ್ತದೆ ಎಂದು ಆಗಲೇ ಹೇಳಿದೆ.

ಅಧ್ಯಕ್ಷರು ಎದ್ದಿದ್ದಾರೆ. ಹೊರಬಾಗಿಲು ಎಡಕ್ಕಿದೆ. ಅವರು... ಬಲಕ್ಕೆ, ಅಡುಗೆಯವರ ಕಡೆಗೆ ತಿರುಗಿದರು. ಸಟ್ಟುಗ ಎತ್ತಿಕೊಂಡರು. ಅಪ್ಪಯ್ಯ, ಆ ಸನ್ಮಾನದ ಶಾಲು ನನ್ನದು! ಹೋಗಲಿ, ಅದೂ ಸಲ್ಲಬೇಕಾದವರಿಗೇ ಸಲ್ಲಲಿ.

ದಯವಿಟ್ಟು ನಿಶ್ಶಬ್ದ. ಒಳಗಿನಿಂದ ಬೈಗುಳ ಕೇಳಿಸುತ್ತಿದೆ. ಬೈಯುತ್ತಿರುವುದು ಸತ್ಯಣ್ಣ, ಕೇಳುತ್ತಿರುವುದು ಅಪ್ಪಯ್ಯ. ಇದಕ್ಕಿಂತ ಶುಭಸೂಚನೆ ಬೇಕೇ? ಈಗ “ಸಟ್ಟುಗ ಬಗ್ಗಿಸಿದ್ ಯಾರ್?” ಎಂಬ ಪ್ರಶ್ನೆ ಎದ್ದಿದೆ. ಹೆಜ್ಜೆಯ ಸಪ್ಪಳ ಈ ಕಡೆಗೇ ಬರುತ್ತಿದೆ. ಆದ್ದರಿಂದ ಸನ್ಮಾನಿಸಿದ ಸಂಘಕ್ಕೂ, ಸಹಿಸಿದ ನಿಮಗೂ, ಬಾಗಿದರೂ ಮುರಿಯದ ಸಟ್ಟುಗಕ್ಕೂ ಕೃತಜ್ಞತೆ ಸಲ್ಲಿಸಿ, ಅವಸರದಲ್ಲಿ, ಎಡಬಾಗಿಲಿನಿಂದ, ನಮಸ್ಕಾರ.