ಬಿಸ್ಕತ್ ಫ್ಯಾಕ್ಟರಿಯ ಗೂಡ್ಸ್ ಗಾಡಿ

ಸಕಲೇಶಪುರ ಸ್ಟೇಷನ್ನಿನಲ್ಲಿ ತಡವಾದ ರೈಲನ್ನು ಮನಸ್ಸಿನಲ್ಲೇ ಬೈಯುತ್ತ ಕೂತಿದ್ದ ಸೌಜನ್ಯಳ ಬೆಂಚಿಗೆ ವಯಸ್ಸಾದ ಗಂಡ ಹೆಂಡತಿ ಬಂದು ಕೂತರು. ಗಂಡ ಚಪ್ಪಲಿ ಪೆಟ್ಟಿಗೆ ತೆರೆದು, ಬೆರಳುದ್ದದ ಆಟಿಕೆ ಗೂಡ್ಸ್ ರೈಲಿನ ಡಬ್ಬಿಗಳನ್ನು ಬೆಂಚಿನ ಮೇಲೆ ಸಾಲಾಗಿ ಜೋಡಿಸತೊಡಗಿದರು.

“ನಾನು ರಟ್ಟಲ್ಲಿ ಮಾಡಿರೋ ಬಿಸ್ಕತ್ ಫ್ಯಾಕ್ಟರಿಗೆ ಇವು ಕಣೆ. ಎಲ್ಲಾ ನಿಜದ್ದರಂಗೇ ಇರ್ಬೇಕು.”

“ಮೈದಾ ಯಾವುದ್ರಲ್ಲಿ ಬತ್ತದೆ?”

“ಇದ್ರಲ್ಲಿ.”

“ಇದ್ಕೆ ಮೇಲೆ ಮುಚ್ಚಳಾನೇ ಇಲ್ವಲ್ರೀ! ದೋಣಿಗಲ್ ಸ್ಟೇಷನ್ ದಾಟೋದ್ರೊಳಗೆ ಮಳೆ ಹೊಡ್ದು ಅಂಟಾಗೋಯ್ತದೆ.”

ಗಂಡ ತೆಪ್ಪಗೆ ಅದನ್ನು ತೆಗೆದು ಮುಚ್ಚಿದ ಡಬ್ಬಿ ಇಟ್ಟರು.

“ಎಣ್ಣೆಗೆ ಈ ಟ್ಯಾಂಕು.”

“ಪೆಟ್ರೋಲ್ ಅಂತ ಬರ್ದೈತೆ. ನಿಮ್ ಬಿಸ್ಕತ್ ತಿಂದೋರು ಬೀಡಿ ಹಚ್ಚಂಗಿಲ್ಲ ಬಿಡಿ.”

ಸೌಜನ್ಯ ನಗು ತಡೆಯಲು ಮುಖ ಆಚೆ ತಿರುಗಿಸಿದಳು.

“ಬಣ್ಣ ಬಳೀತೀನಿ ಮಾರಾಯ್ತಿ.”

“ಆ ಕೊನೇದು?”

“ನನ್ನದು. ಮೂವತ್ತು ವರ್ಷ ಕೂತಿದ್ದ ಗಾರ್ಡ್ ಡಬ್ಬಿ.”

ಅದು ಸಾಲಿನ ತುದಿಯಲ್ಲಿ, ಸೌಜನ್ಯಳ ಚೀಲದ ಹತ್ತಿರ ಬಂದು ನಿಂತಿತು.

“ಅಷ್ಟು ದೂರ ಯಾಕೆ?”

“ಇಂಜಿನ್ನು ಸ್ಟೇಷನ್ನಲ್ಲಿ ನಿಂತ್ರೆ ಗಾರ್ಡು ಕಾಡಲ್ಲೇ. ಒಂದ್ ಲೋಟ ಕಾಫಿಗೂ ಗತಿ ಇರ್ತಿರ್ಲಿಲ್ಲ.”



“ಫ್ಯಾಕ್ಟರಿಗೊಂದು ಕ್ಯಾಂಟೀನ್ ಮಾಡಿ. ಈ ಡಬ್ಬಿ ಅದ್ರ ಬಾಗ್ಲಲ್ಲೇ ನಿಲ್ಲಲಿ.”

“ನಿಜವಾಗ್ಲೂ ಹಂಗೆ ನಿಲ್ಲಕಿಲ್ಲ ಕಣೆ. ಮೈದಾ ಡಬ್ಬಿಗಳು ಎಲ್ಲಿಗೋಗ್ಬೇಕು?”

“ಕಾಡಲ್ಲಿ ಕಾಯ್ಲಿ.”

ಅಷ್ಟರಲ್ಲಿ ರೈಲು ಬಂತು. ಗಂಡ ಗಡಿಬಿಡಿಯಲ್ಲಿ ಡಬ್ಬಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಮುಂದೆ ನಡೆದರು. ಗಾರ್ಡ್ ಡಬ್ಬಿ ಮಾತ್ರ ಹೆಂಡತಿಯ ಮುಷ್ಟಿಯೊಳಗಿತ್ತು.